ತೆರೆದ ಬೆನ್ನೋ, ಮುಚ್ಚಿದ ಬೆನ್ನೋ? ಹೆಡ್‌ಫೋನ್ ಕೊಳ್ಳುವ ಮುನ್ನ ನಾಲ್ಕು ಮಾತು



ಈ ಸಲದ ರಾಜ್ಯೋತ್ಸವದ ದಿನ ಕಾರ್ಯಕ್ರಮ ಮುಗಿದ ಮೇಲೆ ಸಭಾಗೃಹದ ಮೂಲೆಯಲ್ಲಿ ಮೈಕಿನ ವೈರು ಸುತ್ತುತ್ತ ಕುಳಿತಿದ್ದೆ. ನಮ್ಮ ಯುವ ವಿಭಾಗದ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕುಳಿತ. ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ. ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಉತ್ತಮ ಹೆಡ್‌ಫೋನ್ ಕೊಳ್ಳಬೇಕೆಂಬ ಆಸೆ ಅವನದು. "ಅಂಕಲ್, ಓಪನ್ ಬ್ಯಾಕ್ ತಗೊಳ್ಳಲಾ, ಕ್ಲೋಸ್ಡ್ ಬ್ಯಾಕ್ ತಗೊಳ್ಳಲಾ? ಯಾವುದು ಬೆಸ್ಟ್?" ಎಂದು ಕೇಳಿದ.

"ಎಲ್ಲಿ ಕೂತು ಕೇಳ್ತೀಯಪ್ಪಾ?" ಎಂದೆ.

ಅವನು ಸುಮ್ಮನಾದ. ಕಂಪನಿಯ ಹೆಸರು, ಬೆಲೆ, ಓಮ್ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದವನಿಗೆ ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲವೆಂದು ತೋರಿತು. ಅಷ್ಟರಲ್ಲಿ ಸಭಾಗೃಹದವರು ದೀಪ ಆರಿಸತೊಡಗಿದರು. ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಅವನಿಗೂ, ಅವನಂತೆಯೇ ಯೋಚಿಸುತ್ತಿರುವ ನಿಮಗೂ ಇಲ್ಲಿ ಹೇಳುತ್ತಿದ್ದೇನೆ. ಮೂವತ್ತು ವರ್ಷ ಮುಂಬಯಿಯ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ತಲೆಯ ಮೇಲೆ ಹೆಡ್‌ಫೋನ್ ಇಟ್ಟುಕೊಂಡೇ ಅನ್ನ ಸಂಪಾದಿಸಿದವನು ನಾನು. ಎರಡೂ ಬಗೆಯವು ನನಗೆ ಒಂದೊಂದು ಸಲ ಚೆನ್ನಾಗಿ ಪಾಠ ಕಲಿಸಿವೆ. ಅದನ್ನೂ ಮುಚ್ಚಿಡುವುದಿಲ್ಲ.

ಬೆನ್ನು ಎಂದರೇನು?

ಹೆಡ್‌ಫೋನಿನ ಬಟ್ಟಲೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ವಿದ್ಯುತ್ತಿನ ಸಂಕೇತ ಬಂದಂತೆ ಅದು ಮುಂದಕ್ಕೂ ಹಿಂದಕ್ಕೂ ಅದುರುತ್ತದೆ. ಮುಂದಕ್ಕೆ ಬಂದಾಗ ಕಿವಿಯ ಕಡೆಯ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ಸಡಿಲವಾಗುತ್ತದೆ. ಅಂದರೆ ನಾವು ಕೇಳುವ ಹಾಡಿನ ಜೊತೆಗೆ, ಪೊರೆಯ ಹಿಂಬದಿಯಲ್ಲಿ ಅಷ್ಟೇ ಬಲದ, ತಲೆಕೆಳಗಾದ ಇನ್ನೊಂದು ಹಾಡು ಸದಾ ಹುಟ್ಟುತ್ತಲೇ ಇರುತ್ತದೆ. ಈ ಎರಡನೆಯ ಹಾಡನ್ನು ಏನು ಮಾಡಬೇಕು? ತೆರೆದ ಬೆನ್ನು, ಮುಚ್ಚಿದ ಬೆನ್ನು ಎಂಬ ಭೇದವೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳು.

ತೆರೆದ ಹೆಡ್‌ಫೋನಿನ ಬಟ್ಟಲಿನ ಹಿಂಬದಿಗೆ ಜಾಲರಿ ಇರುತ್ತದೆ. ಹಿಂದಿನ ಹಾಡು ಅದರ ಮೂಲಕ ಹೊರಗೆ ಹೋಗಿಬಿಡುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲಿ ಬಟ್ಟಲಿನ ಹಿಂಬದಿ ಭದ್ರ. ಹಿಂದಿನ ಹಾಡು ಒಳಗೇ ಸಿಕ್ಕಿಕೊಳ್ಳುತ್ತದೆ. ಬಟ್ಟಲಿನ ಗೋಡೆಗೆ ಬಡಿದು ಮರಳಿ, ಆ ತೆಳು ಪೊರೆಯನ್ನು ದಾಟಿ ಮತ್ತೆ ನಿಮ್ಮ ಕಿವಿಗೇ ಬರುತ್ತದೆ.

ಬಚ್ಚಲುಮನೆಯಲ್ಲಿ ಹಾಡಿದರೆ ಎಲ್ಲರ ಕಂಠವೂ ತುಂಬಿ ಬರುತ್ತದೆ, ಅಲ್ಲವೇ? ಅದೇ ಹಾಡನ್ನು ಮಹಡಿಯ ಮೇಲೆ ಹಾಡಿ ನೋಡಿ. ಗೋಡೆಗಳ ಸಹಾಯ ತಪ್ಪಿದಾಗ ನಿಮ್ಮ ನಿಜವಾದ ಕಂಠ ಯಾವುದೆಂದು ತಿಳಿಯುತ್ತದೆ. ಮುಚ್ಚಿದ ಬಟ್ಟಲು ಒಂದು ಪುಟ್ಟ ಬಚ್ಚಲುಮನೆ. ಅದರ ಹಿಂಗೋಡೆ ಪೊರೆಯಿಂದ 3 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಶಬ್ದಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಸಾವಿರದಲ್ಲಿ ಎರಡು ಪಾಲೂ ಬೇಕಾಗಿಲ್ಲ. ಇಷ್ಟು ಬೇಗ ಬಂದದ್ದು ಪ್ರತಿಧ್ವನಿಯಾಗಿ ಕೇಳುವುದಿಲ್ಲ. ಬದಲಿಗೆ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಕುಗ್ಗುತ್ತವೆ. ಒಟ್ಟು ನಾದಕ್ಕೆ ಸ್ವಲ್ಪ ಬೇರೆ ಬಣ್ಣ ಬರುತ್ತದೆ. ಒಳ್ಳೆಯ ತಯಾರಕರು ಬಟ್ಟಲೊಳಗೆ ಶಬ್ದ ಹೀರುವ ವಸ್ತುಗಳನ್ನಿಟ್ಟು, ಗೋಡೆಯ ಆಕಾರವನ್ನು ಬಾಗಿಸಿ ಈ ದೋಷವನ್ನು ತಗ್ಗಿಸುತ್ತಾರೆ. ಪೂರ್ತಿ ಅಳಿಸುವುದು ಬಹು ಕಷ್ಟ.

ಹಳದಿ ಸ್ಪಂಜಿನ ಕಥೆ

ಮೊದಮೊದಲ ಹೆಡ್‌ಫೋನುಗಳೆಲ್ಲ ಮುಚ್ಚಿದವೇ. 1910ರ ಸುಮಾರಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆ ಕೊಂಡುಕೊಂಡಿತು. ಅದು ಸಂದೇಶ ಕೇಳುವ ಸಾಧನ, ಸಂಗೀತಕ್ಕಲ್ಲ. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನ್ ತಂದ ಮೇಲೆ ಮನೆಯಲ್ಲಿ ಕೂತು ಸಂಗೀತ ಕೇಳಲು ಜನ ಇದನ್ನು ಬಳಸತೊಡಗಿದರು.

ಬೆನ್ನು ತೆರೆದದ್ದು ಜರ್ಮನಿಯವರು. 1968ರಲ್ಲಿ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಕಿವಿಯ ಮೇಲೆ ಕೂರುವ ಹಳದಿ ಸ್ಪಂಜು, ಹಗುರವಾದ ಮೈ, ಗಾಳಿಯಾಡುವ ಹಿಂಬದಿ. ಅಲ್ಲಿಯವರೆಗಿನ ಭಾರವಾದ, ಬೆವರಿಳಿಸುವ ಬಟ್ಟಲುಗಳ ಮುಂದೆ ಅದೊಂದು ಹೊಸ ಅನುಭವ. ಒಂದು ಕೋಟಿಗೂ ಹೆಚ್ಚು ಮಾರಾಟವಾದವು. 1979ರಲ್ಲಿ ಸೋನಿ ವಾಕ್‌ಮನ್ ಬಂದಾಗ ಅದರ ಜೊತೆಗಿದ್ದ ಸ್ಪಂಜಿನ ಹೆಡ್‌ಫೋನೂ ಹಗುರವಾದ, ತೆರೆದ ಬಗೆಯದೇ. ನಿಮ್ಮ ತಂದೆಯವರ ಕಾಲದಲ್ಲಿ ಲೋಕಲ್ ಗಾಡಿಯಲ್ಲಿ ಪಕ್ಕದವನ ಕಿವಿಯಿಂದ 'ಚಿಕ್ ಚಿಕ್' ಎಂದು ಸದ್ದು ಸೋರುತ್ತಿದ್ದುದು ಅದಕ್ಕೇ.

ಒಂದೇ ಮನೆಯ ಅಣ್ಣ ತಮ್ಮಂದಿರು

ಎರಡು ಬಗೆಯ ವ್ಯತ್ಯಾಸ ತಿಳಿಯಬೇಕಾದರೆ ಒಂದೇ ಕಂಪನಿಯ ಜೋಡಿಯನ್ನು ನೋಡುವುದು ಲೇಸು. ಸೆನ್‌ಹೈಸರ್‌ನ ಎಚ್‌ಡಿ 800 ಎಂಬ ತೆರೆದ ಹೆಡ್‌ಫೋನ್ 2009ರಲ್ಲಿ ಬಂದಿತು. ಅದರ ತಿದ್ದಿದ ರೂಪವಾದ ಎಚ್‌ಡಿ 800 ಎಸ್ 2016ರಲ್ಲಿ ಬಂದಿತು. 56 ಮಿಲಿಮೀಟರ್ ಅಗಲದ, ಉಂಗುರದ ಆಕಾರದ ಪೊರೆ, 300 ಓಮ್ ರೋಧ. 2018ರಲ್ಲಿ ಇದೇ ಕುಟುಂಬದ ಮುಚ್ಚಿದ ಹೆಡ್‌ಫೋನ್ ಎಚ್‌ಡಿ 820 ಹೊರಬಂದಿತು. ಅದರ ಹಿಂಬದಿಗೆ ಒಳಬಾಗಿದ ಗಾಜು ಹಾಕಿದ್ದಾರೆ. ಹಿಂದಿನ ಶಬ್ದ ಆ ಗಾಜಿಗೆ ಬಡಿದು ನೇರವಾಗಿ ಕಿವಿಗೆ ಮರಳದೆ, ಪಕ್ಕದಲ್ಲಿರುವ ಶಬ್ದ ಹೀರುವ ಗೂಡುಗಳಿಗೆ ಹೋಗಲಿ ಎಂಬುದು ಉಪಾಯ.

ಈಗ ಬೆಲೆ ನೋಡಿ. ಬಿಡುಗಡೆಯ ಸಮಯದಲ್ಲಿ ಅಮೆರಿಕದಲ್ಲಿ ತೆರೆದ ಎಚ್‌ಡಿ 800 ಎಸ್ ಸುಮಾರು 1,700 ಡಾಲರ್, ಮುಚ್ಚಿದ ಎಚ್‌ಡಿ 820 ಸುಮಾರು 2,400 ಡಾಲರ್. ತೆರೆದದ್ದು ಹಿಂದಿನ ಹಾಡನ್ನು ಬಿಟ್ಟುಕೊಡುತ್ತದೆ, ಮುಚ್ಚಿದ್ದು ಅದನ್ನು ಪಳಗಿಸಬೇಕು. ಪಳಗಿಸುವ ಕೂಲಿ ಏಳುನೂರು ಡಾಲರ್! ಅಷ್ಟು ಕೊಟ್ಟ ಮೇಲೂ ಇವೆರಡನ್ನು ಹೋಲಿಸಿ ಕೇಳಿದವರಲ್ಲಿ ಅನೇಕರು ತೆರೆದದ್ದರ ನಾದವೇ ಹೆಚ್ಚು ಸಹಜ ಎಂದರು. ಒಂದು ಮಾತು ನೆನಪಿಡಿ. ಒಂದೇ ಬೆಲೆಯ ಎರಡು ಹೆಡ್‌ಫೋನುಗಳಲ್ಲಿ ಶುದ್ಧ ನಾದದ ಮಟ್ಟಿಗೆ ಸಾಮಾನ್ಯವಾಗಿ ತೆರೆದದ್ದು ಒಂದು ಹೆಜ್ಜೆ ಮುಂದೆ.

ಲಕ್ಷ ದಾಟುವ ಇವು ನಮ್ಮ ನಿಮ್ಮ ಕೈಗೆಟುಕುವುದು ಕಷ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೂ ಇಂಥದೇ ಒಂದು ಜೋಡಿ ಇದೆ. ಜರ್ಮನಿಯ ಹೈಲ್‌ಬ್ರಾನ್ ಊರಿನ ಬೇಯರ್‌ಡೈನಮಿಕ್ ಕಂಪನಿಯ ಡಿಟಿ 770 ಮುಚ್ಚಿದ್ದು, ಡಿಟಿ 990 ತೆರೆದದ್ದು. ನೋಡಲು ಅವಳಿಗಳಂತೆ ಇವೆ. ಇವೆರಡರ ನಡುವೆ ಡಿಟಿ 880 ಎಂಬ ಅರೆ ತೆರೆದದ್ದೂ ಉಂಟು. 1980ರ ದಶಕದಿಂದ ಸ್ಟುಡಿಯೋಗಳಲ್ಲಿ ದುಡಿದು ಬಂದ ಕುಟುಂಬ ಇದು. ಅಂಗಡಿಯಲ್ಲಿ ಈ ಜೋಡಿ ಸಿಕ್ಕರೆ ಒಂದಾದ ಮೇಲೊಂದು ಹಾಕಿಕೊಂಡು ಕೇಳಿ. ನನ್ನ ಇಡೀ ಲೇಖನ ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಕಿವಿಗೆ ಏನು ಕೇಳುತ್ತದೆ?

ಮಲ್ಲಿಕಾರ್ಜುನ ಮನ್ಸೂರರ ಅಥವಾ ಭೀಮಸೇನ ಜೋಶಿಯವರ ಒಂದು ಧ್ವನಿಮುದ್ರಣ ತೆಗೆದುಕೊಳ್ಳಿ. ಹಾಡು ಶುರುವಾಗುವ ಮುನ್ನ ತಂಬೂರಿಯಷ್ಟೇ ಕೇಳುವ ಕೆಲವು ಕ್ಷಣಗಳಿರುತ್ತವಲ್ಲ, ಅಲ್ಲಿ ಗಮನವಿಡಿ. ತೆರೆದ ಹೆಡ್‌ಫೋನಿನಲ್ಲಿ ತಂತಿ ಮೀಟಿದ ಮೇಲೆ ಅದರ ಝೇಂಕಾರ ಅರಳಿ, ಹರಡಿ, ಮುಂದಿನ ತಂತಿಯ ನಾದದಲ್ಲಿ ಕರಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ತಂಬೂರಿ ನಿಮ್ಮ ತಲೆಯೊಳಗಲ್ಲ, ತಲೆಯ ಆಚೀಚೆ ಕುಳಿತಂತೆ ಭಾಸವಾಗುತ್ತದೆ. ಈ ವಿಶಾಲ ಭಾವವೇ ತೆರೆದ ಬೆನ್ನಿನ ದೊಡ್ಡ ಆಸ್ತಿ.

ಮುಚ್ಚಿದ್ದರಲ್ಲಿ ಅದೇ ತಂಬೂರಿ ಹತ್ತಿರ ಬರುತ್ತದೆ. ಹಿನ್ನೆಲೆ ಮೌನವಾಗುತ್ತದೆ. ಗಾಯಕರು ಉಸಿರೆಳೆದುಕೊಳ್ಳುವುದು, ಹಾರ್ಮೋನಿಯಂ ಮನೆಗಳ ಟಕಟಕ ಸದ್ದು ಇಂಥ ಸಣ್ಣಪುಟ್ಟವೆಲ್ಲ ಎದ್ದು ಕೇಳುತ್ತವೆ. ತಪ್ಪು ಹುಡುಕುವ ಕೆಲಸಕ್ಕೆ ಇದು ಬೇಕು. ಕೆಳಗಿನ ಸ್ವರಗಳ ವಿಷಯದಲ್ಲೂ ಮುಚ್ಚಿದ್ದಕ್ಕೆ ಬಲವಿದೆ. ತೆರೆದದ್ದರಲ್ಲಿ ಬಹಳ ಕೆಳಗಿನ ಸ್ವರಗಳಿಗೆ ಮುಂದಿನ ಅಲೆಯೂ ಹಿಂದಿನ ಅಲೆಯೂ ಸುತ್ತಿ ಬಂದು ಒಂದನ್ನೊಂದು ಕಳೆದುಹಾಕುತ್ತವೆ. ಆದ್ದರಿಂದ ಸಿನಿಮಾ ಹಾಡಿನ ಡ್ರಮ್ಮು ಎದೆಗೆ ಗುದ್ದುವಂತಿರಬೇಕು ಎನ್ನುವವರಿಗೆ ಮುಚ್ಚಿದ್ದೇ ಹಿತ. ಆದರೆ ಅದಕ್ಕೂ ಒಂದು ಷರತ್ತಿದೆ. ಬಟ್ಟಲಿನ ಮೆತ್ತೆ ಕಿವಿಯ ಸುತ್ತ ಭದ್ರವಾಗಿ ಕೂರಬೇಕು. ಕನ್ನಡಕದ ಕಡ್ಡಿ ನಡುವೆ ಸಿಕ್ಕಿ ಸಂದು ಬಿಟ್ಟರೆ ಕೆಳಗಿನ ಸ್ವರ ಆ ಸಂದಿನಿಂದಲೇ ಸೋರಿಹೋಗುತ್ತದೆ. ಕನ್ನಡಕ ಹಾಕುವವರು ಹಾಕಿಕೊಂಡೇ ಪರೀಕ್ಷಿಸಿ.

ನನ್ನ ಮೊದಲ ಪಾಠ

ಸ್ಟುಡಿಯೋಗೆ ಸೇರಿದ ಹೊಸದರಲ್ಲಿ ಒಂದು ಭಾವಗೀತೆಯ ಧ್ವನಿಮುದ್ರಣವಿತ್ತು. ವಾದ್ಯಗಳನ್ನು ಮೊದಲೇ ಮುದ್ರಿಸಿ ಆಗಿತ್ತು. ಗಾಯಕಿ ಅವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಬೇಕು. ಮುಚ್ಚಿದ್ದು ಹಾಕಿದರೆ ಆಕೆಗೆ ಕಿವಿ ಬಿಸಿಯಾಗುತ್ತಿತ್ತು. "ಪಾಪ, ಹಾಯಾಗಿ ಹಾಡಲಿ" ಎಂದು ನಾನೇ ತೆರೆದ ಹೆಡ್‌ಫೋನ್ ಕೊಟ್ಟೆ. ಎಂಥ ಹಾಡು ಹಾಡಿದರೆಂದರೆ, ಮುಗಿದಾಗ ಗಾಜಿನ ಈಚೆ ಕುಳಿತಿದ್ದ ನಾವು ಕೆಲವು ಕ್ಷಣ ಮಾತಾಡಲಿಲ್ಲ.

ಮಾರನೆಯ ದಿನ ಸಂಯೋಜಕರು ತಬಲಾ ಬದಲಿಸೋಣವೆಂದರು. ಹಳೆಯ ತಬಲಾ ತೆಗೆದು ಹೊಸದನ್ನು ಸೇರಿಸಿದೆವು. ಕೇಳಿದರೆ, ಹೊಸ ತಬಲಾದ ಹಿಂದೆ ಸಣ್ಣಗೆ ಹಳೆಯ ತಬಲಾ! ಗಾಯಕಿಯ ತೆರೆದ ಹೆಡ್‌ಫೋನಿನಿಂದ ಸೋರಿದ ಸದ್ದು ಅವರ ಮುಂದಿನ ಮೈಕಿಗೆ ಹೋಗಿ ದನಿಯ ಜೊತೆಗೇ ಮುದ್ರಣವಾಗಿತ್ತು. ತೆಗೆಯುವ ದಾರಿ ಇರಲಿಲ್ಲ. ಆಕೆಯನ್ನು ಮತ್ತೆ ಕರೆಸಿದೆವು. ಹಾಡಿದರು, ಶ್ರುತಿ ತಾಳ ಒಂದೂ ತಪ್ಪಲಿಲ್ಲ. ಆದರೆ ಮೊದಲ ದಿನದ ಆ ಹಾಡು ಮತ್ತೆ ಬರಲಿಲ್ಲ.

ಅಂದಿನಿಂದ ಮೈಕಿನ ಮುಂದೆ ನಿಲ್ಲುವವರಿಗೆ ಮುಚ್ಚಿದ್ದನ್ನೇ ಕೊಡುತ್ತ ಬಂದೆ. ನಿಮ್ಮಲ್ಲಿ ಮನೆಯಲ್ಲೇ ಹಾಡು ಮುದ್ರಿಸುವವರು, ಪಾಡ್‌ಕಾಸ್ಟ್ ಮಾಡುವವರು ಇದ್ದೀರಿ. ನಿಮಗೂ ಇದೇ ಮಾತು. ಮುದ್ರಿಸುವಾಗ ಮುಚ್ಚಿದ್ದು ಹಾಕಿ. ಮುದ್ರಿಸಿದ್ದನ್ನು ಹದ ಮಾಡುವಾಗ ತೆರೆದದ್ದು ಸಿಕ್ಕರೆ ಒಳ್ಳೆಯದು.

ಕಿವಿ ಹೋದರೆ ಮತ್ತೆ ಬರುವುದಿಲ್ಲ

ಇನ್ನು ಗಾಡಿಯ ವಿಚಾರ. ನಿಮ್ಮಲ್ಲಿ ಹೆಚ್ಚಿನವರು ಹಾಡು ಕೇಳುವುದು ಲೋಕಲ್‌ನಲ್ಲಿ, ಮೆಟ್ರೋದಲ್ಲಿ, ಬಸ್ಸಿನಲ್ಲಿ. ತೆರೆದ ಹೆಡ್‌ಫೋನ್ ಹಾಕಿ ಅಲ್ಲಿ ಕೂತರೆ ಏನಾಗುತ್ತದೆ? ಜಾಲರಿ ಒಳಗಿನ ಹಾಡನ್ನು ಹೊರಗೆ ಬಿಡುವಂತೆಯೇ ಹೊರಗಿನ ಗದ್ದಲವನ್ನೂ ಒಳಗೆ ಬಿಡುತ್ತದೆ. ತಂಬೂರಿ ಕೇಳುವುದಿಲ್ಲ, ಗಾಡಿಯ ಚಕ್ರ ಕೇಳುತ್ತದೆ. ಆಗ ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ಗದ್ದಲದ ಮೇಲೆ ಹಾಡು, ಹಾಡಿನ ಮೇಲೆ ಗದ್ದಲ. ಪೆಟ್ಟು ಬೀಳುವುದು ಕಿವಿಗೆ.

ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. 80 ಡೆಸಿಬೆಲ್ ಮಟ್ಟದಲ್ಲಾದರೆ ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ ಏರಿದ್ದಕ್ಕೆ ಸಮಯ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು! ವಾರದಲ್ಲಿ ಐದು ದಿನ, ದಿನಕ್ಕೆ ಎರಡು ಗಂಟೆ ಪ್ರಯಾಣ ಮಾಡುವವರು ಆ ಮಟ್ಟದಲ್ಲಿ ಕೇಳಿದರೆ ಬುಧವಾರ ಬೆಳಗಾಗುವ ಮುನ್ನವೇ ವಾರದ ಪಾಲು ಮುಗಿದಿರುತ್ತದೆ. ಒಳಗಿವಿಯಲ್ಲಿ ಶಬ್ದವನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನನ್ನ ಎಡಗಿವಿಯಲ್ಲಿ ರಾತ್ರಿ ಎಲ್ಲ ಶಾಂತವಾದ ಮೇಲೆ ಒಂದು ಸಣ್ಣ 'ಗುಂಯ್' ಸದ್ದು ಕೇಳುತ್ತದೆ. ವೃತ್ತಿ ಕೊಟ್ಟ ಕಾಣಿಕೆ ಅದು. ನಿಮಗೆ ಬೇಡ.

ಆದ್ದರಿಂದ ಪ್ರಯಾಣಕ್ಕೆ ಮುಚ್ಚಿದ್ದೇ ಸರಿ. ಗದ್ದಲವನ್ನು ತಡೆಯುವುದರಿಂದ ಕಡಿಮೆ ವಾಲ್ಯೂಮಿನಲ್ಲೇ ಹಾಡು ಕೇಳುತ್ತದೆ. ಗದ್ದಲ ಅಳಿಸುವ ವಿದ್ಯುನ್ಮಾನ ವ್ಯವಸ್ಥೆ ಇದ್ದರೆ ಇನ್ನೂ ಅನುಕೂಲ. ಹೊರಗಿನ ಸದ್ದನ್ನು ಪುಟ್ಟ ಮೈಕಿನಿಂದ ಹಿಡಿದು, ಅದರ ತಲೆಕೆಳಗಾದ ಪ್ರತಿಯನ್ನು ಹುಟ್ಟಿಸಿ ಕಳೆಯುವ ಉಪಾಯ ಅದು. ಗಾಡಿಯ ಗುಡುಗುಡು, ಏಸಿಯ ಮೊರೆತದಂಥ ಒಂದೇ ಸಮನೆಯ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದವರ ಹರಟೆಗೆ ಅಷ್ಟಾಗಿ ಇಲ್ಲ. ಆದರೆ ರಸ್ತೆ ದಾಟುವಾಗ, ಹಳಿಯ ಬಳಿ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಹೆಡ್‌ಫೋನ್ ಕೊರಳಿಗಿಳಿಸಿ. ಇದು ಬೇಡಿಕೆಯಲ್ಲ, ಹಿರಿಯನ ಆಜ್ಞೆ ಎಂದೇ ತಿಳಿಯಿರಿ.

ಕೊಳ್ಳುವಾಗ ಗಮನಿಸಿ

ನಿಮಗೆ ಬಾಯಿಪಾಠ ಬರುವಷ್ಟು ಪರಿಚಯವಿರುವ ಎರಡು ಮೂರು ಧ್ವನಿಮುದ್ರಣಗಳನ್ನು ಫೋನಿನಲ್ಲಿ ಒಯ್ಯಿರಿ. ಒಂದು ತಂಬೂರಿಯ ಶಾಸ್ತ್ರೀಯ ಗಾಯನ, ಒಂದು ಚಂಡೆ ಮದ್ದಳೆಯ ಯಕ್ಷಗಾನ, ಒಂದು ನಿಮ್ಮ ಮೆಚ್ಚಿನ ಸಿನಿಮಾ ಹಾಡು ಸಾಕು. ಚಂಡೆಯ ಪೆಟ್ಟು ಚುರುಕಾಗಿ ಬಂದು ಚುರುಕಾಗಿ ನಿಲ್ಲಬೇಕು. ಬಾಲ ಉಳಿದರೆ ಆ ಬಟ್ಟಲು ಗುಂಯ್‌ಗುಡುತ್ತಿದೆ ಎಂದೇ ಅರ್ಥ.

ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ನಮ್ಮ ಕಿವಿ ಸದಾ ಮೋಸ ಹೋಗುತ್ತದೆ. ಇಪ್ಪತ್ತು ನಿಮಿಷವಾದರೂ ತಲೆಯ ಮೇಲಿರಲಿ. ಒತ್ತುತ್ತದೆಯೇ, ಬೆವರುತ್ತದೆಯೇ ನೋಡಿ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಮುಚ್ಚಿದ ಬಟ್ಟಲು ಕಿವಿಯನ್ನು ಬೇಯಿಸುತ್ತದೆ. ತೆರೆದದ್ದು ಆ ಮಟ್ಟಿಗೆ ಸುಖ. 250, 300 ಓಮಿನ ಹೆಡ್‌ಫೋನುಗಳಿಗೆ ಫೋನಿನ ಶಕ್ತಿ ಸಾಲದೆ ಸಪ್ಪೆಯಾಗಿ ಕೇಳಬಹುದು. ಬೇರೆ ಆಂಪ್ಲಿಫೈಯರ್ ಬೇಕಾದರೆ ಅದರ ಬೆಲೆಯನ್ನೂ ಮೊದಲೇ ಲೆಕ್ಕ ಹಾಕಿ.

ಎರಡನೆಯ ಪಾಠ

ಕೊನೆಗೆ ಮನೆಯ ವಿಚಾರ. ನಮ್ಮ ಮನೆಗಳು ಎಷ್ಟು ದೊಡ್ಡವೆಂದು ನಿಮಗೇ ಗೊತ್ತು. ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ತಂಗಿ ಓದುತ್ತಿರುವಾಗ, ಅಜ್ಜಿ ಮಲಗಿರುವಾಗ ತೆರೆದ ಹೆಡ್‌ಫೋನ್ ಹಾಕಿದರೆ ಅವರಿಗೂ ಹಾಡು ಹಂಚಿದಂತೆಯೇ. ಹಾಗಾದರೆ ಮುಚ್ಚಿದ್ದು ಎನ್ನುತ್ತೀರಿ. ಸರಿ, ನನ್ನ ಕಥೆಯನ್ನೂ ಕೇಳಿ.

1998ರ ಮಳೆಗಾಲ. ಅವ್ವ ಧಾರವಾಡಕ್ಕೆ ಹೋಗಿದ್ದಳು. ಸಂಜೆ ಅಪ್ಪ ವಾಕಿಂಗಿಗೆ ಹೊರಟಾಗ ಕೀಲಿ ಮರೆತು ಹೋಗಿದ್ದರು. ನಾನು ಸ್ಟುಡಿಯೋದಿಂದ ತಂದ ಮುಚ್ಚಿದ ಹೆಡ್‌ಫೋನ್ ಹಾಕಿಕೊಂಡು ಮನ್ಸೂರರ ಗಾಯನದಲ್ಲಿ ಮುಳುಗಿದ್ದೆ. ಅಪ್ಪ ಬೆಲ್ ಒತ್ತಿದ್ದಾರೆ, ಬಾಗಿಲು ಬಡಿದಿದ್ದಾರೆ, ಹೆಸರು ಹಿಡಿದು ಕೂಗಿದ್ದಾರೆ. ಪಕ್ಕದ ಮನೆಗೆ ಬೀಗ. ಮೊಬೈಲ್ ಫೋನ್ ನಮ್ಮಂಥವರ ಬಳಿ ಇದ್ದ ಕಾಲವಲ್ಲ. ಕ್ಯಾಸೆಟ್ಟಿನ ಒಂದು ಬದಿ ಮುಗಿದು, ನೀರು ಕುಡಿಯಲು ಎದ್ದಾಗ ಸಂಶಯ ಬಂದು ಬಾಗಿಲು ತೆರೆದೆ. ಎಪ್ಪತ್ತು ದಾಟಿದ ಅಪ್ಪ ಒದ್ದೆ ಅಂಗಿಯಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದರು. ಬೈಯಲಿಲ್ಲ. "ಮುಗೀತೇನಪಾ ನಿನ್ನ ಹಾಡು?" ಎಂದು ಕೇಳಿ ಒಳಗೆ ಬಂದರು. ಅಷ್ಟೇ.

ಅಪ್ಪ ಈಗಿಲ್ಲ. ಮುಚ್ಚಿದ ಹೆಡ್‌ಫೋನ್ ತಲೆಗೇರಿಸುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಮಿತ್ರರೇ, ನಿಮ್ಮ ಕಾಲೇಜು ಇಂಗ್ಲಿಷಿನದು, ಆಫೀಸು ಹಿಂದಿ ಮರಾಠಿಯದು. ಕನ್ನಡ ನಿಮ್ಮ ಕಿವಿಗೆ ಬೀಳುವುದು ಬಹುಮಟ್ಟಿಗೆ ಮನೆಯೊಳಗೆ, ಅದೂ ಸಂಜೆಯ ಆ ಎರಡು ಮೂರು ಗಂಟೆ. ಅಡುಗೆಮನೆಯಿಂದ ಅಮ್ಮ ಕರೆಯುವುದು, ಫೋನಿನಲ್ಲಿ ಅಜ್ಜ ಊರಿನವರೊಂದಿಗೆ ಮಾತಾಡುವುದು, ಇವೆಲ್ಲ ನೀವು ಕೇಳಲೆಂದು ಆಡಿದ ಮಾತುಗಳಲ್ಲ. ಆದರೂ ನಿಮಗೆ ಕನ್ನಡ ಬಂದದ್ದು ಹಾಗೆ ಕಿವಿಗೆ ಬಿದ್ದ ಮಾತುಗಳಿಂದಲೇ. ಆ ಹೊತ್ತಿನಲ್ಲಿ ಬೆನ್ನು ಮುಚ್ಚಿ ಕೂತರೆ ಬೆಲ್ಲಿನ ಸದ್ದಷ್ಟೇ ಅಲ್ಲ, ಅದೂ ಕೇಳದೆ ಹೋಗುತ್ತದೆ.

ಒಂದೇ ಹೆಡ್‌ಫೋನಿಗೆ ಹಣವಿದ್ದು, ಕೇಳುವುದು ಹೆಚ್ಚಾಗಿ ಪ್ರಯಾಣದಲ್ಲಿ ಎಂದಾದರೆ ಮುಚ್ಚಿದ್ದನ್ನು ಕೊಳ್ಳಿ. ಮನೆಗೆ ಬಂದೊಡನೆ ಅದನ್ನು ಚೀಲದಲ್ಲೇ ಬಿಡಿ. ನಿಮಗೆಂದು ಒಂದು ಶಾಂತವಾದ ಕೋಣೆಯಿದ್ದು, ಮನಸ್ಸಿಟ್ಟು ಸಂಗೀತ ಕೇಳುವ ಅಭ್ಯಾಸವಿದ್ದರೆ ತೆರೆದದ್ದನ್ನು ಕೊಳ್ಳಿ. ತಂಬೂರಿಯೂ ಕೇಳುತ್ತದೆ, ಅದರ ನಡುವೆ ಯಾರಾದರೂ ಬಾಗಿಲು ತಟ್ಟಿದರೆ ಅದೂ ಕೇಳುತ್ತದೆ.

ಪ್ರಶ್ನೆ ಕೇಳಿದ ಆ ಹುಡುಗ ಮುಂದಿನ ಸಭೆಗೆ ಬಂದಾಗ ಯಾವುದು ಕೊಂಡೆ ಎಂದು ನಾನು ಕೇಳುವುದಿಲ್ಲ. ಎಲ್ಲಿ ಕೂತು ಕೇಳುತ್ತೀ ಎಂದೇ ಕೇಳುತ್ತೇನೆ. ನೀವೂ ಉತ್ತರ ಸಿದ್ಧ ಮಾಡಿಕೊಂಡು ಬನ್ನಿ.